ವರ್ಷ ವರ್ಷ ಅಂಚು ಬದಲಿಸುವ ಜ್ವರ

ಚಿಕ್ಕಂದಿನಲ್ಲಿ ಒಮ್ಮೆ ದಡಾರ ಬಂದು ಹೋದವರಿಗೆ ಅದು ಮತ್ತೆ ಬರುವುದು ಅಪರೂಪ. ಫ್ಲೂ ಹಾಗಲ್ಲ. ಎರಡು ವರ್ಷದ ಹಿಂದೆ ಮಲಗಿ ಎದ್ದವರನ್ನೇ ಮತ್ತೆ ಹಾಸಿಗೆಗೆ ಕೆಡವುತ್ತದೆ. ದೇಹಕ್ಕೆ ಮರೆವು ಬಂದಿತೇ? ಇಲ್ಲ, ದೇಹದ ನೆನಪು ಗಟ್ಟಿಯಾಗಿಯೇ ಇರುತ್ತದೆ. ವೇಷ ಬದಲಿಸುವುದು ವೈರಸ್ಸು.

1918ರ ಜ್ವರವನ್ನೇ ನೋಡಿ. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಊರುಗಳು ಆಗ ಹರಿದು ಹಂಚಿಹೋಗಿದ್ದವು. ಜಮಖಂಡಿಯನ್ನು ಪಟವರ್ಧನರು, ಮುಧೋಳವನ್ನು ಘೋರ್ಪಡೆಯವರು ಆಳುತ್ತಿದ್ದರು. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಕೂಗಳತೆಯ ರಬಕವಿ ಸಾಂಗ್ಲಿ ಸಂಸ್ಥಾನದ್ದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಜ್ವರಕ್ಕೆ ಈ ಗಡಿಗಳ ಹಂಗಿರಲಿಲ್ಲ. ಜೂನ್ ತಿಂಗಳಲ್ಲಿ ಮುಂಬೈ ಬಂದರಿನಲ್ಲಿ ಕಾಣಿಸಿಕೊಂಡ ಅದು ಸೆಪ್ಟೆಂಬರ್ ಹೊತ್ತಿಗೆ ಉಗ್ರರೂಪ ತಾಳಿ, ರೈಲು ಹಾದಿ ಹಿಡಿದು ಒಳನಾಡಿಗೆ ಇಳಿಯಿತು. ಅಕ್ಟೋಬರ್ 6ರಂದು ಮುಂಬೈ ನಗರವೊಂದರಲ್ಲೇ 768 ಜನ ಸತ್ತರು. ಮುಂಬೈ ಪ್ರಾಂತದಲ್ಲಿ ಸತ್ತವರು ಸುಮಾರು 10 ಲಕ್ಷ. ಇಡೀ ದೇಶದ ಲೆಕ್ಕ 1.2 ಕೋಟಿಯಿಂದ 2 ಕೋಟಿಯವರೆಗೆ ಎಂಬ ಅಂದಾಜುಗಳಿವೆ. ಮರಾಠಿ ಸೀಮೆಯ ಜನ ಇದನ್ನು ‘ಮಾನಮೋಡಿ’, ಅಂದರೆ ಕತ್ತು ಮುರಿಯುವ ರೋಗ ಎಂದು ಕರೆದರು. ಆ ವರ್ಷ ಮಳೆಯೂ ಕೈಕೊಟ್ಟಿತ್ತು.

ಆಗ ವೈದ್ಯರಿಗೆ ಶತ್ರು ಯಾರೆಂಬುದೇ ಗೊತ್ತಿರಲಿಲ್ಲ. ಮನುಷ್ಯರ ಫ್ಲೂ ವೈರಸ್ಸು ಪತ್ತೆಯಾದದ್ದು 1933ರಲ್ಲಿ, ಲಂಡನ್ನಿನ ವಿಜ್ಞಾನಿಗಳು ಮುಂಗುಸಿಯಂತೆ ಕಾಣುವ ಫೆರೆಟ್ ಪ್ರಾಣಿಗೆ ರೋಗ ಹತ್ತಿಸಿ ನೋಡಿದಾಗ.

ಈ ವೈರಸ್ಸಿನ ಮೈತುಂಬ ಮುಳ್ಳುಗಳು. ಅವುಗಳಲ್ಲಿ ಮುಖ್ಯವಾದದ್ದು ಹೀಮಗ್ಲುಟಿನಿನ್ ಎಂಬ ಪ್ರೋಟೀನು. ‘ಎಚ್1ಎನ್1’ ಎಂಬಲ್ಲಿನ ‘ಎಚ್’ ಇದೇ. ಅದಕ್ಕೊಂದು ತಲೆ, ಒಂದು ಕಾಂಡ. ತಲೆಯಲ್ಲಿರುವ ಸಣ್ಣ ಗುಳಿಯಿಂದ ಅದು ನಮ್ಮ ಗಂಟಲು, ಶ್ವಾಸಕೋಶಗಳ ಜೀವಕೋಶದ ಮೇಲಿನ ಸಕ್ಕರೆ ಅಣುವನ್ನು ಹಿಡಿದು ಒಳಗೆ ನುಗ್ಗುತ್ತದೆ. ಕಾಂಡದ ಕೆಲಸ ಆಮೇಲಿನದು: ವೈರಸ್ಸಿನ ಪೊರೆಯನ್ನು ಜೀವಕೋಶದ ಪೊರೆಯೊಂದಿಗೆ ಬೆಸೆಯುವುದು.

ಪ್ರತಿಕಾಯ ಎಂಬ ಪಠ್ಯಪುಸ್ತಕದ ಶಬ್ದ ಕೇಳಿದರೆ ಯಾವನೋ ಪೈಲ್ವಾನನ ಚಿತ್ರ ಬರುತ್ತದೆ. ಅದರ ಮುಖ್ಯ ಕೆಲಸ ಅಡ್ಡ ನಿಲ್ಲುವುದು. ಇಂಗ್ಲಿಷಿನ ‘ವೈ’ ಅಕ್ಷರದಂತಿರುವ ಈ ಅಣುವಿನ ಎರಡು ತೋಳುಗಳ ತುದಿ ಮುಳ್ಳಿನ ತಲೆಗೆ ಅಚ್ಚುಕಟ್ಟಾಗಿ ಕೂತರೆ ಸಕ್ಕರೆ ಹಿಡಿಯುವ ಗುಳಿ ಮುಚ್ಚಿಹೋಗುತ್ತದೆ. ವೈರಸ್ಸು ಬಾಗಿಲಲ್ಲೇ ನಿಲ್ಲುತ್ತದೆ. ಲಕ್ಷಾಂತರ ಬಗೆಯ ಆಕಾರಗಳಲ್ಲಿ ಯಾವುದು ಹೊಂದುತ್ತದೋ ಆ ಆಕಾರವನ್ನು ಹೊತ್ತ ಬಿ ಕೋಶವೇ ಮರಿಹಾಕುತ್ತಾ, ವಾರಗಟ್ಟಲೆ ತನ್ನ ಹಿಡಿತವನ್ನು ತಿದ್ದಿಕೊಳ್ಳುತ್ತದೆ.

ರಬಕವಿ-ಬನಹಟ್ಟಿಯ ನೇಕಾರರು ಸೀರೆಯನ್ನು ಅಂಚು, ಸೆರಗು ನೋಡಿಯೇ ಗುರುತಿಸುತ್ತಾರೆ. ಪ್ರತಿಕಾಯಗಳಲ್ಲಿ ಹೆಚ್ಚಿನವೂ ಹಾಗೆಯೇ. ನೋಡುವುದು ಮುಳ್ಳಿನ ತಲೆಯನ್ನು. ಫ್ಲೂ ವೈರಸ್ಸು ತನ್ನನ್ನು ನಕಲು ಮಾಡಿಕೊಳ್ಳುವಾಗ ತಪ್ಪುಗಳು ಬಹಳ. ತಲೆಯ ಮೇಲೆ ಒಂದೆರಡು ಎಳೆ ಬದಲಾದರೂ ಹಳೆಯ ಪ್ರತಿಕಾಯ ಜಾರುತ್ತದೆ. ಕೆಲವೊಮ್ಮೆ ಇಡೀ ಸೀರೆಯೇ ಬದಲಾಗುತ್ತದೆ: ಎರಡು ತಳಿಗಳು ಒಂದೇ ಪ್ರಾಣಿಯ ಕೋಶದಲ್ಲಿ ಕೂಡಿ ತಮ್ಮ 8 ತುಂಡುಗಳ ಜೀನುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. 1957ರಲ್ಲಿ ಎಚ್2, 1968ರಲ್ಲಿ ಎಚ್3 ಬಂದದ್ದು ಹೀಗೆ.

ಹಾಗಾದರೆ ಹಳೆಯ ಪ್ರತಿಕಾಯ ದಂಡವೇ? 2008ರಲ್ಲಿ ಅಮೆರಿಕದ ಸಂಶೋಧಕರು 1918ರ ಜ್ವರ ಕಂಡು ಬದುಕಿದ್ದ 32 ವೃದ್ಧರ ರಕ್ತ ಪರೀಕ್ಷಿಸಿದರು. 90 ವರ್ಷ ಕಳೆದರೂ ಆ ವೈರಸ್ಸನ್ನು ಗುರುತಿಸುವ ಪ್ರತಿಕಾಯಗಳು ಉಳಿದಿದ್ದವು. ಮರುವರ್ಷವೇ, 2009ರಲ್ಲಿ, ಹಂದಿಗಳಿಂದ ಎಚ್1ಎನ್1 ಬಂತು. ಆಗಸ್ಟ್‌ನಲ್ಲಿ ಪುಣೆಯಲ್ಲಿ ದೇಶದ ಮೊದಲ ಸಾವು ಸಂಭವಿಸಿತು. ಅದರ ಎಚ್ ಪ್ರೋಟೀನು 1918ರ ವೈರಸ್ಸಿನ ದೂರದ ವಂಶಸ್ಥ. ಹಂದಿಗಳಲ್ಲಿ ಅಡಗಿದ್ದುದರಿಂದ ಅದು ಹೆಚ್ಚು ಬದಲಾಗಿರಲಿಲ್ಲ. ಆದ್ದರಿಂದ ಫ್ಲೂ ಎಂದರೆ ಮೊದಲು ಮುದುಕರ ಮೇಲೆ ಎರಗುವುದು ಎಂಬ ರೂಢಿ ತಲೆಕೆಳಗಾಯಿತು. ಸೋಂಕು ಹೆಚ್ಚಾಗಿ ತಟ್ಟಿದ್ದು ಮಕ್ಕಳಿಗೆ, ಹರೆಯದವರಿಗೆ.

1918ರಲ್ಲೂ 20ರಿಂದ 40ರ ವಯಸ್ಸಿನವರೇ ಹೆಚ್ಚು ಸತ್ತಿದ್ದರು. ಅವರು ಬಾಲ್ಯದಲ್ಲಿ ಬೇರೆಯೇ ತಳಿಯ ಫ್ಲೂ ಕಂಡಿದ್ದರು, ಆ ಮೊದಲ ಅಚ್ಚು ಹೊಸ ವೈರಸ್ಸಿಗೆ ಒಗ್ಗಲಿಲ್ಲ ಎಂಬುದು ಒಂದು ವಾದ. ದೇಹವು ಮೊದಲು ಕಂಡ ಫ್ಲೂವನ್ನೇ ಮಾದರಿಯಾಗಿಟ್ಟುಕೊಂಡು ಮುಂದಿನದನ್ನು ಅಳೆಯುತ್ತದೆ ಎಂದು 1960ರಲ್ಲೇ ಥಾಮಸ್ ಫ್ರಾನ್ಸಿಸ್ ಹೇಳಿದ್ದರು.

ಮುಳ್ಳಿನ ಕಾಂಡ ಮಾತ್ರ ಸುಲಭವಾಗಿ ಬದಲಾಗದು. ಬದಲಾದರೆ ಬೆಸುಗೆ ಕೆಡುತ್ತದೆ. ಅದನ್ನು ಹಿಡಿಯುವ ಪ್ರತಿಕಾಯಗಳು ಅನೇಕ ತಳಿಗಳನ್ನು ತಡೆಯಬಲ್ಲವು. ಆದರೆ ದೇಹವು ಅಂಥವನ್ನು ತಾನಾಗಿ ತಯಾರಿಸುವುದು ಕಡಿಮೆ, ತಲೆಯೇ ಕಣ್ಣಿಗೆ ಬೀಳುವುದರಿಂದ. ಕಾಂಡಕ್ಕೇ ಗುರಿಯಿಡುವ ಲಸಿಕೆಗಳು ಪ್ರಯೋಗದಲ್ಲಿವೆ. ಅವು ಕೈಗೆ ಬರುವವರೆಗೆ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಬಾರಿ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಮುಂದಿನ ಹಂಗಾಮಿಗೆ ಯಾವ ತಳಿಗಳು ಬರಬಹುದೆಂದು ಅಂದಾಜಿಸಿ ಲಸಿಕೆಯ ಪಟ್ಟಿ ಕೊಡುತ್ತದೆ. ಹೋದ ವರ್ಷ ಚುಚ್ಚಿಸಿಕೊಂಡವರಿಗೂ ಈ ವರ್ಷ ಮತ್ತೆ ಚುಚ್ಚುಮದ್ದು ಬೇಕಾಗುವುದು ಇದರಿಂದಲೇ.