ಹ್ಯಾಲೋವೀನ್ ಚೀಲದೊಳಗಿನ ಅರಗಿನ ಮನೆ

ಅಕ್ಟೋಬರ್ 31ರ ರಾತ್ರಿ. ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಏಳು ವರ್ಷದ ಮಾಟಗಾತಿಯೊಬ್ಬಳು ದಿಂಬಿನ ಕವರನ್ನು ತಲೆಕೆಳಗು ಮಾಡಿದಳು. ನೆಲದ ತುಂಬ ಚಾಕೊಲೇಟು, ಲಾಲಿಪಾಪು. ಮೊಮ್ಮಗಳು ಗುಡ್ಡೆ ಹಾಕುತ್ತಿದ್ದರೆ ನಾನು ಕನ್ನಡಕ ಏರಿಸಿ ಪೊಟ್ಟಣಗಳ ಬೆನ್ನು ಓದುತ್ತ ಕೂತೆ.

ಸಿಕ್ಕಿದ್ದು ಕ್ಯಾಂಡಿ ಕಾರ್ನ್. ಹಳದಿ, ಕಿತ್ತಳೆ, ಬಿಳಿ ಬಣ್ಣದ, ಮೆಕ್ಕೆಜೋಳದ ಕಾಳಿನಾಕಾರದ ಮಿಠಾಯಿ. 1880ರ ದಶಕದ ಸರಕು. ಒಂದು ಕಾಲಕ್ಕೆ 'ಕೋಳಿ ಮೇವು' ಎಂಬ ಹೆಸರಲ್ಲೇ ಮಾರುತ್ತಿದ್ದರಂತೆ. ರುಚಿ ನೋಡಿದ ಮೇಲೆ ಹೆಸರು ಸರಿಯೆನಿಸಿತು. ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ, ಕಾರ್ನ್ ಸಿರಪ್, ಜೆಲಾಟಿನ್, ನಮ್ಮ ಎಳ್ಳೆಣ್ಣೆ! ಜೊತೆಗೆ 'ಕನ್ಫೆಕ್ಷನರ್ಸ್ ಗ್ಲೇಜ್'. ಫೋನಿನಲ್ಲಿ ಹುಡುಕಿದರೆ ಅದು ಅರಗು! ಮರದ ರೆಂಬೆಗೆ ಕಚ್ಚಿಕೊಂಡ ಹುಳು ಸ್ರವಿಸುವ ಅಂಟು. ಜಾರ್ಖಂಡದ ಕಾಡಿನವರು ಕೆರೆದು ತೆಗೆಯುವ, ಚನ್ನಪಟ್ಟಣದ ಗೊಂಬೆಗೆ ಮೆರುಗು ಕೊಡುವ ಅದೇ ಅರಗು. ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ್ದೂ ಇದರಲ್ಲೇ. ಮಾತ್ರೆಗಳಿಗೂ ಬಳಿಯುತ್ತಾರೆ, ಅಪಾಯವೇನಿಲ್ಲ. ಆದರೂ ಆ ರಾತ್ರಿ ನಾನು ಬೇರೆ ಮಾತೇ ಆಡಲಿಲ್ಲ. "ಸಾಕು ಬಿಡಮ್ಮ" ಅಂದಳು ಮಗಳು.

ಹ್ಯಾಲೋವೀನ್ ಹಬ್ಬ ಮೊದಲಿನಿಂದಲೂ ಕ್ಯಾಂಡಿಯ ಜಾತ್ರೆಯಾಗಿರಲಿಲ್ಲ. ಕಳೆದ ಶತಮಾನದ ಮಧ್ಯದಲ್ಲೂ ಬಾಗಿಲು ತಟ್ಟಿದ ಮಕ್ಕಳಿಗೆ ಸೇಬು, ಕಡಲೆಕಾಯಿ, ಪಾಪ್‌ಕಾರ್ನ್ ಉಂಡೆ, ಮನೆಯಲ್ಲಿ ಬೇಯಿಸಿದ ಬಿಸ್ಕತ್ತು ಸಿಗುತ್ತಿದ್ದವು. ಆಮೇಲೆ ಸೇಬಿನೊಳಗೆ ಬ್ಲೇಡಿದೆಯಂತೆ ಎಂಬ ಗಾಳಿಮಾತು ಹಬ್ಬಿತು. 1974ರಲ್ಲಿ ಟೆಕ್ಸಾಸಿನಲ್ಲಿ ಒಂದು ಮಗು ವಿಷದ ಕ್ಯಾಂಡಿ ತಿಂದು ಸತ್ತದ್ದೂ ನಿಜ. ಕೊಟ್ಟವನು ಹೆತ್ತ ಅಪ್ಪ. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ 1958ರಿಂದೀಚಿನ ಪತ್ರಿಕೆಗಳನ್ನು ಜಾಲಾಡಿದರೂ ಅಪರಿಚಿತರು ವಿಷವಿಟ್ಟು ಮಗುವನ್ನು ಕೊಂದ ಪ್ರಕರಣ ಒಂದೂ ಸಿಗಲಿಲ್ಲ. ಆದರೆ ಭಯ ಗೆದ್ದಾಗಿತ್ತು. ಕೈತಿಂಡಿ ಮನೆಯಲ್ಲೇ ಉಳಿಯಿತು, ಸೀಲು ಹಾಕಿದ ಪೊಟ್ಟಣ ಬೀದಿಗಿಳಿಯಿತು. ಸಕ್ಕರೆಯ ಆಸೆಗಿಂತ ನೆರೆಯವರ ಮೇಲಿನ ಅಪನಂಬಿಕೆಯೇ ಮಕ್ಕಳ ಹಲ್ಲು ಕೆಡಿಸಿತು ಅನ್ನುತ್ತೇನೆ ನಾನು.

ಸಂಕ್ರಾಂತಿಯಂತೆ ಎಳ್ಳು ಬೀರೋಣವೇ ಎಂದು ಮಧ್ಯಾಹ್ನ ಕೇಳಿ ಬೈಸಿಕೊಂಡಿದ್ದೆ. ಬಿಡಿ ತಿಂಡಿ ಯಾರೂ ಮುಟ್ಟರು; ಮೇಲಾಗಿ 2023ರಿಂದ ಅಮೆರಿಕದ ಕಾನೂನಿನಲ್ಲಿ ಎಳ್ಳು ಒಂಬತ್ತನೆಯ ಪ್ರಮುಖ ಅಲರ್ಜಿ ಪದಾರ್ಥ. ಅದಕ್ಕೇ ನಮ್ಮ ಮೆಟ್ಟಿಲ ಮೇಲೆ ನೀಲಿ-ಹಸಿರು ಬಳಿದ ಕುಂಬಳಕಾಯಿ. ಅಲರ್ಜಿಯ ಮಕ್ಕಳಿಗಾಗಿ 2012ರಲ್ಲಿ ಟೆನೆಸಿಯಲ್ಲಿ ಶುರುವಾದ ಗುರುತು: ಇಲ್ಲಿ ತಿಂಡಿಯಲ್ಲದ ಉಡುಗೊರೆಯೂ ಉಂಟು. ನಾವು ಕೊಟ್ಟದ್ದು ಪೆನ್ಸಿಲು. ಒಬ್ಬ ಪುಟ್ಟ ಅಸ್ಥಿಪಂಜರ ಬುಟ್ಟಿಯ ತಳದವರೆಗೂ ಕೈಯಾಡಿಸಿ ಹೋದ.

ಮಗಳ ನೇಮಗಳು ಸರಳ. ಹೊರಡುವ ಮುನ್ನ ಹೊಟ್ಟೆ ತುಂಬ ಸಾರನ್ನ. ಐದು ಮಾತ್ರ ಆರಿಸಿಕೋ, ದಿನಕ್ಕೊಂದು, ಊಟದ ಜೊತೆಗೇ. ದಿನವಿಡೀ ಮೆಲ್ಲುತ್ತಿದ್ದರೆ ಬಾಯಿಯ ಆಮ್ಲಕ್ಕೆ ಬಿಡುವೇ ಇರದು. ಮಕ್ಕಳಿಗೆ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ದಾಟದಿರಲಿ ಎನ್ನುತ್ತದೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್. ಪುಟಾಣಿ ಚಾಕೊಲೇಟು ಬಾರು ಮೂರಾದರೆ ಲೆಕ್ಕ ಹೆಚ್ಚುಕಡಿಮೆ ಚುಕ್ತಾ. ಮಿಕ್ಕಿದ್ದನ್ನು ತೂಕಕ್ಕೆ ಕೊಳ್ಳುವ ದಂತವೈದ್ಯರೂ ಇದ್ದಾರೆ.

ಅರಗಿನ ಮನೆಯ ಕಥೆ ಮುಗಿದಾಗ ಮೊಮ್ಮಗಳು ಒಂದು ಕಾಳೆತ್ತಿ ದೀಪಕ್ಕೆ ಹಿಡಿದಳು. "ಇದೂ ಉರಿಯುತ್ತಾ ಅಜ್ಜಿ?" ಕ್ಯಾಂಡಿ ಕಾರ್ನೆಲ್ಲ ತಾನಾಗಿ ದಂತವೈದ್ಯರ ಗುಡ್ಡೆಗೆ ಸರಿಯಿತು. ಚಾಕೊಲೇಟು ಜರುಗಲಿಲ್ಲ. ಅದಕ್ಕೆ ಹೇಳಲು ನನ್ನ ಬಳಿ ಪುರಾಣವಿರಲಿಲ್ಲ.