ಒಂದೇ ಮೌತ್ ಆರ್ಗನ್, ಮೂರು ಮೈನರ್

ನಿಮ್ಮ ಬಳಿ ಇರುವುದು ಒಂದೇ ಮೌತ್ ಆರ್ಗನ್. ಅದರ ಮೇಲೆ ‘ಸಿ’ ಎಂಬ ಅಕ್ಷರ ಕೊರೆದಿದೆ, ಅಂದರೆ ಅದು ಸಿ ಮೇಜರ್‌ಗೆ ಶ್ರುತಿ ಮಾಡಿದ ವಾದ್ಯ. ಕಾಲೇಜಿನ ಸಮಾರಂಭಕ್ಕೆ ನೀವು ಆರಿಸಿಕೊಂಡಿರುವ ಧಾಟಿ ಮಾತ್ರ ಮೈನರ್‌ನದು. ಏನು ಮಾಡುವುದು? ‘ಮೈನರ್‌ಗೆ ಬೇರೆಯೇ ವಾದ್ಯ ಬರುತ್ತದೆ, ಕೊಂಡುಕೊಳ್ಳಿ’ ಎನ್ನುವವರುಂಟು. ‘ಮೈನರ್ ಎಂದರೆ ಥರ್ಡ್ ಪೊಸಿಷನ್, ಅಷ್ಟೇ’ ಎನ್ನುವವರೂ ಉಂಟು. ಮೊದಲನೆಯದು ಖರ್ಚಿನ ದಾರಿ, ಎರಡನೆಯದು ಅರ್ಧ ಸತ್ಯ. ಈ ಅರ್ಧ ಸತ್ಯವನ್ನು ನಂಬಿ ವೇದಿಕೆ ಹತ್ತಿದರೆ, ನಾಲ್ಕು ಸಾಲು ಚೆನ್ನಾಗಿ ಸಾಗಿದ ಧಾಟಿ ಧೈವತ ಬಂದ ಕಡೆ ಎಡವಿ ಬೀಳುವ ಸಂಭವ ಹೆಚ್ಚು. ಪೊಸಿಷನ್ ಆರಿಸುವ ಮೊದಲು ಧಾಟಿಯನ್ನೇ ಎರಡು ಪ್ರಶ್ನೆ ಕೇಳಬೇಕು. ಅವು ಯಾವುವು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ವಾದ್ಯದ ಪರಿಚಯ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು 24 ಜೋಡಿ ರಂಧ್ರಗಳ ಟ್ರೆಮೊಲೊ ಮೌತ್ ಆರ್ಗನ್. ಅದರಲ್ಲಿ ಪ್ರತಿ ಸ್ವರಕ್ಕೂ ಎರಡು ರೀಡ್‌ಗಳು, ಒಂದಕ್ಕಿಂತ ಇನ್ನೊಂದರ ಶ್ರುತಿ ಒಂದಿಷ್ಟೇ ಬೇರೆ. ಅದರಿಂದಲೇ ಆ ಅಲೆಅಲೆಯಾದ ನಾದ. ನಾವು ಮಾತಾಡುತ್ತಿರುವುದು ಅದರ ವಿಷಯವಲ್ಲ, ಅಂಗೈಯಲ್ಲಿ ಅಡಗುವ ಹತ್ತು ರಂಧ್ರಗಳ ಡಯಾಟೊನಿಕ್ ಹಾರ್ಮೋನಿಕಾದ್ದು. ಜರ್ಮನಿಯ ಟ್ರೋಸಿಂಗೆನ್ ಊರಿನಲ್ಲಿ 1857ರಲ್ಲಿ ಮಥಿಯಾಸ್ ಹೋನರ್ ಆರಂಭಿಸಿದ ಕಾರ್ಖಾನೆ 1896ರಲ್ಲಿ ‘ಮರೀನ್ ಬ್ಯಾಂಡ್’ ಎಂಬ ಹೆಸರಿನಲ್ಲಿ ಹೊರತಂದ ವಾದ್ಯ ಈ ಜಾತಿಯಲ್ಲಿ ಬಹಳ ಪ್ರಸಿದ್ಧ. ಸಿ ವಾದ್ಯದಲ್ಲಿ ಸ್ವರಗಳು ಕುಳಿತಿರುವ ಕ್ರಮ ಹೀಗೆ:

ರಂಧ್ರ: 1, 2, 3, 4, 5, 6, 7, 8, 9, 10
ಊದಿದರೆ: ಸಿ, ಇ, ಜಿ, ಸಿ, ಇ, ಜಿ, ಸಿ, ಇ, ಜಿ, ಸಿ
ಎಳೆದರೆ: ಡಿ, ಜಿ, ಬಿ, ಡಿ, ಎಫ್, ಎ, ಬಿ, ಡಿ, ಎಫ್, ಎ

ಈ ಮೂರು ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಗಮನಿಸಿದಿರಾ? 4ರಿಂದ 7ರವರೆಗೆ ಏಳೂ ಸ್ವರಗಳಿವೆ. ಆದರೆ ಕೆಳಗಿನ ಸ್ಥಾಯಿಯಲ್ಲಿ ಎಫ್ ಮತ್ತು ಎ ಇಲ್ಲ. ಮೇಲಿನ ಸ್ಥಾಯಿಯಲ್ಲಿ ಬಿ ಇಲ್ಲ. ತಯಾರಕರು ಇದನ್ನು ಬೇಕೆಂದೇ ಮಾಡಿದರು. ಎಲ್ಲಿ ಊದಿದರೂ ಸಿ ಮೇಜರ್ ಕಾರ್ಡ್ ಬರಬೇಕು, ಕೆಳಗೆ ಎಳೆದರೆ ಜಿ ಕಾರ್ಡ್ ಬರಬೇಕು, ಜಾನಪದ ಹಾಡಿಗೆ ಅಷ್ಟು ಸಾಕು ಎಂಬುದು ಅವರ ಲೆಕ್ಕ. ಮೈನರ್ ಧಾಟಿಗಳು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಇನ್ನು ‘ಪೊಸಿಷನ್’ ಎಂದರೇನು? ತುಟಿ, ಕೈಗಳ ಭಂಗಿಗೆ ಸಂಬಂಧಿಸಿದ ಮಾತಲ್ಲ ಅದು. ವಾದ್ಯದ ಯಾವ ಸ್ವರವನ್ನು ನೀವು ಷಡ್ಜ ಎಂದು ಇಟ್ಟುಕೊಳ್ಳುತ್ತೀರಿ ಎಂಬುದೇ ಪೊಸಿಷನ್. ಸಿ ವಾದ್ಯದಲ್ಲಿ ಸಿ ಷಡ್ಜವಾದರೆ ಮೊದಲನೆಯ ಪೊಸಿಷನ್. ಅಲ್ಲಿಂದ ಪಂಚಮಕ್ಕೆ ಜಿಗಿದು ಜಿಯನ್ನು ಷಡ್ಜ ಮಾಡಿಕೊಂಡರೆ ಎರಡನೆಯದು. ಅಮೆರಿಕದ ಬ್ಲೂಸ್ ವಾದಕರ ಮನೆ ಇದೇ. ಹೀಗೆ ಪಂಚಮದಿಂದ ಪಂಚಮಕ್ಕೆ ಹೋಗುತ್ತಾ ಡಿ ಮೂರನೆಯದು, ಎ ನಾಲ್ಕನೆಯದು, ಇ ಐದನೆಯದು.

ಕರ್ನಾಟಕ ಸಂಗೀತ ಕಲಿಯುತ್ತಿರುವವರು ಇಷ್ಟು ಹೊತ್ತಿಗೆ ‘ಇದು ಗ್ರಹಭೇದವಲ್ಲವೇ?’ ಎಂದುಕೊಂಡಿರಬಹುದು. ಹೌದು, ಅದೇ. ಸಿಯಿಂದ ಸಿಗೆ ಸಿಗುವುದು ಶಂಕರಾಭರಣದ ಸ್ವರಗಳು. ಅದರ ರಿಷಭವನ್ನು ಷಡ್ಜ ಮಾಡಿದರೆ ಖರಹರಪ್ರಿಯ, ಗಾಂಧಾರವನ್ನು ಮಾಡಿದರೆ ಹನುಮತೋಡಿ, ಧೈವತವನ್ನು ಮಾಡಿದರೆ ನಠಭೈರವಿ. ಮೌತ್ ಆರ್ಗನ್ನಿನ ಮೂರನೆಯ, ಐದನೆಯ, ನಾಲ್ಕನೆಯ ಪೊಸಿಷನ್‌ಗಳು ಕ್ರಮವಾಗಿ ಇವೇ ಮೂರು. ಪಾಶ್ಚಾತ್ಯರು ಇವನ್ನು ಡೋರಿಯನ್, ಫ್ರಿಜಿಯನ್, ಏಯೋಲಿಯನ್ ಎನ್ನುತ್ತಾರೆ. (ಸ್ವರಸ್ಥಾನಗಳು ಸಿಕ್ಕವು ಎಂದ ಮಾತ್ರಕ್ಕೆ ತೋಡಿ ರಾಗ ಸಿಕ್ಕಿತು ಎಂದು ಹಿಗ್ಗಬೇಡಿ. ಗಮಕವಿಲ್ಲದ ತೋಡಿ ಬರಿಯ ಸ್ವರಪಟ್ಟಿ.) ಸಂಗೀತ ಕಲಿಯದವರು ಹಾರ್ಮೋನಿಯಂನ ಬಿಳಿ ಮನೆಗಳನ್ನಷ್ಟೇ ಬಳಸಿ ಡಿಯಿಂದ ಡಿ, ಎಯಿಂದ ಎ, ಇಯಿಂದ ಇ ಒತ್ತಿ ನೋಡಿದರೆ ಮೂರರ ವ್ಯತ್ಯಾಸವೂ ಕಿವಿಗೆ ಬೀಳುತ್ತದೆ.

ಮೂರರಲ್ಲೂ ಗಾಂಧಾರ ಸಾಧಾರಣ, ನಿಷಾದ ಕೈಶಿಕಿ. ಮೈನರ್‌ನ ಆ ವಿಷಾದದ ಬಣ್ಣ ಬರುವುದು ಮುಖ್ಯವಾಗಿ ಆ ಗಾಂಧಾರದಿಂದ. ಭೇದ ಇರುವುದು ರಿಷಭ, ಧೈವತಗಳಲ್ಲಿ. ಮೂರನೆಯ ಪೊಸಿಷನ್ನಿನಲ್ಲಿ ಧೈವತ ಚತುಶ್ರುತಿ, ಅಂದರೆ ಮೇಲಿನದು. ನಾಲ್ಕರಲ್ಲೂ ಐದರಲ್ಲೂ ಅದು ಶುದ್ಧ, ಕೆಳಗಿನದು. ಐದರಲ್ಲಿ ರಿಷಭವೂ ಶುದ್ಧ. ಹೀಗಾಗಿ ಧಾಟಿಗೆ ಕೇಳಬೇಕಾದ ಮೊದಲ ಪ್ರಶ್ನೆ: ನಿನ್ನ ಧೈವತ ಯಾವುದು?

ಎರಡು ಇಂಗ್ಲಿಷ್ ಧಾಟಿಗಳನ್ನು ತೆಗೆದುಕೊಳ್ಳೋಣ. ‘ಸ್ಕಾರ್ಬರೋ ಫೇರ್’ ಹಳೆಯ ಜಾನಪದ ಗೀತೆ; ಸೈಮನ್ ಮತ್ತು ಗಾರ್ಫಂಕಲ್ ಜೋಡಿಯ 1966ರ ಧ್ವನಿಮುದ್ರಣದಿಂದ ಜಗತ್ತಿಗೆಲ್ಲ ಗೊತ್ತಾಯಿತು. ಅದರಲ್ಲಿ ಧೈವತ ಬರುವುದು ಎರಡನೆಯ ಸಾಲಿನಲ್ಲಿ, ಒಂದೇ ಒಂದು ಸಲ. ಅದು ಚತುಶ್ರುತಿ ಧೈವತ. ಡಿ ಷಡ್ಜವಾದಾಗ ಅದು ಬಿ ಸ್ವರ, 7ನೆಯ ರಂಧ್ರದಲ್ಲಿ ಎಳೆದರೆ ಸಿದ್ಧವಾಗಿದೆ. ಇಡೀ ಧಾಟಿ 4ರಿಂದ 8ನೆಯ ರಂಧ್ರದೊಳಗೆ ಮುಗಿಯುತ್ತದೆ. ಮೂರನೆಯ ಪೊಸಿಷನ್ನಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ.

ಇನ್ನೊಂದು ‘ಗಾಡ್ ರೆಸ್ಟ್ ಯೂ ಮೆರಿ ಜಂಟಲ್‌ಮೆನ್’, ಕ್ರಿಸ್‌ಮಸ್ ಗೀತೆ. ಇದರ ಧೈವತ ಶುದ್ಧ. ಇದನ್ನೂ ಡಿಯಿಂದಲೇ ಶುರುಮಾಡಿದರೆ ಬೇಕಾಗುವುದು ಬಿ ಫ್ಲಾಟ್. ನಡುಸ್ಥಾಯಿಯಲ್ಲಿ ಊದಿದರೂ ಇಲ್ಲ, ಎಳೆದರೂ ಇಲ್ಲ. ಇದೇ ಗೀತೆಯನ್ನು 6ನೆಯ ರಂಧ್ರದ ಎಳೆತದಿಂದ, ಅಂದರೆ ಎಯಿಂದ, ಶುರುಮಾಡಿ. ಷಡ್ಜದ ಕೆಳಗಿನ ಜಿಯಿಂದ ತಾರಸ್ಥಾಯಿಯ ಎವರೆಗೆ ಬೇಕಾದ ಎಲ್ಲ ಸ್ವರಗಳೂ 6ರಿಂದ 10ರೊಳಗೆ ಇವೆ. ಒಂದನ್ನೂ ತಿದ್ದಬೇಕಿಲ್ಲ. ಇದು ನಾಲ್ಕನೆಯ ಪೊಸಿಷನ್.

ಇಷ್ಟೇ ಆಗಿದ್ದರೆ ವಿಷಯ ಸುಲಭವಾಗಿತ್ತು. ಆದರೆ ಧಾಟಿಗಳು ವಾದ್ಯವನ್ನು ಕೇಳಿ ಹುಟ್ಟುವುದಿಲ್ಲ. ಎರಡು ಬಗೆಯ ನಿಷಾದ ಬಳಸುವ ಧಾಟಿಗಳಿವೆ, ಷಡ್ಜಕ್ಕಿಂತ ಬಹಳ ಕೆಳಗೆ ಇಳಿಯುವ ಧಾಟಿಗಳಿವೆ. ಅಲ್ಲಿ ಇಲ್ಲದ ಸ್ವರವನ್ನು ಹುಟ್ಟಿಸಿಕೊಳ್ಳಬೇಕು. ಅದಕ್ಕೇ ‘ಬೆಂಡ್’, ಸ್ವರ ಬಾಗಿಸುವುದು.

ಬೆಂಡ್‌ನ ಹಿಂದೆ ಸೊಗಸಾದ ಭೌತವಿಜ್ಞಾನವಿದೆ. ಪ್ರತಿ ರಂಧ್ರದಲ್ಲೂ ಎರಡು ಹಿತ್ತಾಳೆ ರೀಡ್‌ಗಳು, ಒಂದು ಊದುವುದಕ್ಕೆ, ಒಂದು ಎಳೆಯುವುದಕ್ಕೆ. ಸುಮ್ಮನೆ ಎಳೆದಾಗ ಎಳೆತದ ರೀಡ್ ಕಂಪಿಸುತ್ತದೆ. ನಾಲಗೆಯನ್ನು ಹಿಂದಕ್ಕೆ ಸರಿಸಿ ಬಾಯಿಯೊಳಗಿನ ಪೊಳ್ಳನ್ನು ಬದಲಿಸಿದರೆ, ಆ ಪೊಳ್ಳಿನ ಅನುರಣನ ಕೆಳಗಿಳಿಯುತ್ತದೆ. ಎಳೆತದ ರೀಡ್ ಹಿಂದೆ ಸರಿದು ಅದೇ ರಂಧ್ರದ ಊದು ರೀಡ್ ಕಂಪನವನ್ನು ವಹಿಸಿಕೊಳ್ಳತೊಡಗುತ್ತದೆ. ಆದ್ದರಿಂದ ಸ್ವರ ಎಷ್ಟು ಬಾಗುತ್ತದೆ ಎಂಬುದನ್ನು ಎರಡು ರೀಡ್‌ಗಳ ನಡುವಿನ ಅಂತರವೇ ನಿರ್ಧರಿಸುತ್ತದೆ. 3ನೆಯ ರಂಧ್ರದಲ್ಲಿ ಜಿ ಮತ್ತು ಬಿ ನಡುವೆ ನಾಲ್ಕು ಅರ್ಧಸ್ವರ, ಹಾಗಾಗಿ ನಡುವಿನ ಮೂರೂ ಸಿಗುತ್ತವೆ: ಬಿ ಫ್ಲಾಟ್, ಎ, ಎ ಫ್ಲಾಟ್. 2ನೆಯದರಲ್ಲಿ ಎರಡು. 1, 4, 6ರಲ್ಲಿ ಒಂದೊಂದು. 5ರಲ್ಲಿ ಇ, ಎಫ್ ಒತ್ತೊತ್ತಾಗಿ ಕುಳಿತಿವೆ, ಬಾಗಲು ಎಡೆಯೇ ಇಲ್ಲ. 7ರಿಂದ ಮೇಲೆ ಊದು ರೀಡ್‌ನ ಶ್ರುತಿಯೇ ಹೆಚ್ಚು. ಅಲ್ಲಿ ಊದುತ್ತಾ ಬಾಗಿಸಬೇಕು: 8ರಲ್ಲಿ ಒಂದು, 9ರಲ್ಲಿ ಒಂದು, 10ರಲ್ಲಿ ಎರಡು. ಇದಕ್ಕೂ ಸಿಗದ ಸ್ವರಗಳಿಗೆ ‘ಓವರ್‌ಬ್ಲೋ’ ಎಂಬ ತಂತ್ರವಿದೆ. ಅಮೆರಿಕದ ಹೋವರ್ಡ್ ಲೀವಿ 1970ರ ಸುಮಾರಿನಿಂದ ಅದನ್ನು ವ್ಯವಸ್ಥಿತವಾಗಿ ಬೆಳೆಸಿದರು. ಹೊಸಬರು ಸದ್ಯಕ್ಕೆ ಅದರ ತಂಟೆಗೆ ಹೋಗದಿರುವುದೇ ವಾಸಿ.

ಈಗ ಎರಡನೆಯ ಪ್ರಶ್ನೆ: ಧಾಟಿ ಎಷ್ಟು ಕೆಳಗೆ ಇಳಿಯುತ್ತದೆ, ಅದು ನಿಲ್ಲುವ ಸ್ವರ ಯಾವುದು? ಓಡುವ ಸ್ವರದಲ್ಲಿ ಬೆಂಡ್ ಒಂದಿಷ್ಟು ಅಳ್ಳಕವಾದರೂ ಕಿವಿ ಕ್ಷಮಿಸುತ್ತದೆ. ಎರಡು ಮಾತ್ರೆ ನಿಲ್ಲುವ ಸ್ವರದಲ್ಲಿ ಶ್ರುತಿ ಜಾರಿದರೆ ಕೊನೆಯ ಸಾಲಿನಲ್ಲಿ ಕುಳಿತವರಿಗೂ ತಿಳಿಯುತ್ತದೆ.

ಇದಕ್ಕೆ ‘ಗ್ರೀನ್‌ಸ್ಲೀವ್ಸ್’ಗಿಂತ ಒಳ್ಳೆಯ ಪರೀಕ್ಷೆ ನನಗೆ ತೋಚದು. 1580ರಲ್ಲಿ ಲಂಡನ್ನಿನಲ್ಲಿ ಈ ಹೆಸರಿನ ಲಾವಣಿ ನೋಂದಣಿಯಾಯಿತು. ಧಾಟಿ ಇಂದಿಗೂ ಜೀವಂತ. ಸಾಮಾನ್ಯವಾಗಿ ಕೇಳುವ ರೂಪದಲ್ಲಿ ಧೈವತ ಚತುಶ್ರುತಿ. ನಿಷಾದ ಒಮ್ಮೆ ಕೈಶಿಕಿ, ಸಾಲು ಮುಗಿಯುವಲ್ಲಿ ಕಾಕಲಿ. ಮೊದಲ ಸಾಲಿನ ತುದಿಯಲ್ಲಿ ಅದು ಷಡ್ಜದ ಕೆಳಗಿನ ಪಂಚಮಕ್ಕೆ ಇಳಿದು ನಿಲ್ಲುತ್ತದೆ. ಎರಡನೆಯ ಸಾಲಿನ ತುದಿಯಲ್ಲಿ ಷಡ್ಜದ ಕೆಳಗಿನ ಚತುಶ್ರುತಿ ಧೈವತವನ್ನು ಮುಟ್ಟಿ ಮೇಲೇಳುತ್ತದೆ.

ಮೂರನೆಯ ಪೊಸಿಷನ್ನಿನಲ್ಲಿ, 4ರ ಎಳೆತದಿಂದ ಶುರುಮಾಡಿದರೆ ಧೈವತದ ತೊಂದರೆಯಿಲ್ಲ. ಮೇಲಿನದು 7ರಲ್ಲಿ, ಕೆಳಗಿನದು 3ರಲ್ಲಿ, ಎರಡೂ ನೇರ ಎಳೆತ. ಕಾಕಲಿ ನಿಷಾದಕ್ಕೆ 4ನ್ನು ಅರ್ಧಸ್ವರ ಬಾಗಿಸಬೇಕು, ಅದು ಕಷ್ಟವಲ್ಲ. ಆದರೆ ಆ ಕೆಳಗಿನ ಪಂಚಮ ಎ. ಕೆಳಸ್ಥಾಯಿಯಲ್ಲಿ ತಯಾರಕರು ಬಿಟ್ಟುಬಿಟ್ಟ ಸ್ವರ! 3ರ ಎಳೆತವನ್ನು ಸರಿಯಾಗಿ ಎರಡು ಅರ್ಧಸ್ವರ ಬಾಗಿಸಿ ಅಲ್ಲೇ ನಿಲ್ಲಿಸಬೇಕು. ಮೂರು ಬೆಂಡ್‌ಗಳಿರುವ ರಂಧ್ರದಲ್ಲಿ ನಡುವಿನದನ್ನು ಹಿಡಿದು ನಿಲ್ಲಿಸುವುದೆಂದರೆ ಪಿಟೀಲಿನಲ್ಲಿ ಬೆರಳಿಡುವ ಜಾಗವನ್ನು ಕಿವಿಯಿಂದಲೇ ಹುಡುಕಿದ ಹಾಗೆ.

ನಾಲ್ಕನೆಯ ಪೊಸಿಷನ್ನಿಗೆ ಬನ್ನಿ. ಆ ಪಂಚಮ ಈಗ ಇ, 5ರಲ್ಲಿ ಊದಿದರೆ ಬಂತು, ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಿ. ಕಾಕಲಿ ನಿಷಾದಕ್ಕೆ 6ರ ಬೆಂಡ್. ಮೇಲಿನ ಧೈವತಕ್ಕೆ 9ನ್ನು ಊದುತ್ತಾ ಬಾಗಿಸಬೇಕು, ಅಭ್ಯಾಸದಿಂದ ಬರುತ್ತದೆ. ಎರಡನೆಯ ಸಾಲಿನ ಕೆಳ ಧೈವತ ಮಾತ್ರ ಎಫ್ ಶಾರ್ಪ್. 5ರ ಎಫ್‌ಗೂ 6ರ ಜಿಗೂ ನಡುವಿನ ಆ ಸ್ವರಕ್ಕೆ ಬೆಂಡ್ ಇಲ್ಲ, ಓವರ್‌ಬ್ಲೋ ಒಂದೇ ಗತಿ. ಒಂದರಲ್ಲಿ ಸಾಧನೆಯಿಂದ ಸಿಗುವ ಒಂದು ಕಠಿಣ ಸ್ವರ, ಇನ್ನೊಂದರಲ್ಲಿ ಹೊಸಬರಿಗೆ ಸಿಗದೇ ಹೋಗುವ ಒಂದು ಸ್ವರ. ನನ್ನ ಮತ ಮೂರನೆಯದಕ್ಕೆ: 3ರ ಬೆಂಡ್ ಕಲಿಯಲು ವಾರಗಳು ಹಿಡಿದರೂ ಅದು ಮುಂದೆ ನೂರು ಕಡೆ ಉಪಯೋಗಕ್ಕೆ ಬರುತ್ತದೆ. ಶುದ್ಧ ಧೈವತದಲ್ಲೇ ಈ ಧಾಟಿಯನ್ನು ಹಾಡುವವರೂ ಇದ್ದಾರೆ. ಅವರ ಪಾಠಾಂತರ ನಿಮಗೆ ಇಷ್ಟವಾದರೆ ನಾಲ್ಕನೆಯದರಲ್ಲಿ 6ರ ಬೆಂಡ್ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ನೇರ ಸ್ವರ. ಆಗ ಅದನ್ನೇ ಆರಿಸಿ.

ಐದನೆಯ ಪೊಸಿಷನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶುದ್ಧ ರಿಷಭದ ಧಾಟಿ, ಇಲ್ಲವೇ ರಿಷಭವನ್ನೇ ಮುಟ್ಟದ ಧಾಟಿ ಸಿಕ್ಕಾಗ ಅದನ್ನು ನೆನೆಯಿರಿ. ಎರಡನೆಯ ಪೊಸಿಷನ್ನಿನಲ್ಲೂ 3ನ್ನು ಬಾಗಿಸಿ ಮೈನರ್ ನುಡಿಸುವವರಿದ್ದಾರೆ. ಆದರೆ ಅಲ್ಲಿ ಗಾಂಧಾರವೇ ಬೆಂಡ್. ಧಾಟಿಯ ಜೀವಸ್ವರವನ್ನೇ ಸಾಲ ತಂದ ಹಾಗೆ.

ಗಿಟಾರ್ ಜೊತೆಗಿಲ್ಲದೆ ಒಬ್ಬರೇ ನುಡಿಸುವುದಾದರೆ ಇನ್ನೊಂದು ಮಾತು ತೂಕಕ್ಕೆ ಬರುತ್ತದೆ. 4, 5, 6 ಮೂರನ್ನೂ ಒಟ್ಟಿಗೆ ಎಳೆದರೆ ಡಿ, ಎಫ್, ಎ: ಪೂರ್ಣ ಡಿ ಮೈನರ್ ಕಾರ್ಡ್. 8, 9, 10ರಲ್ಲಿ ಮತ್ತೆ ಅದೇ. ನಾಲ್ಕನೆಯದರಲ್ಲಿ ಎ ಎಳೆತ, ಸಿ ಮತ್ತು ಇ ಊದು. ಒಂದೇ ಉಸಿರಿನಲ್ಲಿ ಕಾರ್ಡ್ ಸಿಗದು. ಮೂರನೆಯದಕ್ಕೆ ಇರುವ ಜನಪ್ರಿಯತೆಗೆ ಇದೂ ಒಂದು ಕಾರಣ. ಅದರ ಬೆಲೆಯೂ ಉಂಟು: ಮುಖ್ಯ ಸ್ವರಗಳೆಲ್ಲ ಎಳೆತವಾದ್ದರಿಂದ ಎರಡು ಸಾಲಿನೊಳಗೆ ಎದೆ ತುಂಬಿಬಿಡುತ್ತದೆ. ಜಿ, ಸಿ, ಇ ಬಂದಾಗಲೆಲ್ಲ ಮೂಗಿನಿಂದಲೂ ಉಸಿರು ಬಿಡುವುದನ್ನು ರೂಢಿಸಿಕೊಳ್ಳಿ.

ಕಿವಿ ಚುರುಕಾದವರಿಗೆ ಒಂದು ಸೂಕ್ಷ್ಮ. ಕಾರ್ಡ್‌ಗಳು ನಯವಾಗಿ ಕೇಳಲೆಂದು ಹಳೆಯ ಪದ್ಧತಿಯಲ್ಲಿ ಶ್ರುತಿ ಮಾಡಿದ ವಾದ್ಯಗಳಲ್ಲಿ 5ರ ಎಳೆತ, ಅಂದರೆ ಎಫ್, ಬೇಕೆಂದೇ ತಗ್ಗಿಸಿರುತ್ತದೆ. ಡಿ ಮತ್ತು ಎಫ್‌ಗಳ ಅನುಪಾತ ಆಗ 6:5 ಆಗದೆ 7:6ಕ್ಕೆ ಬರುತ್ತದೆ. ಸೆಂಟ್ ಲೆಕ್ಕದಲ್ಲಿ 267, ಪಿಯಾನೋದಲ್ಲಿ ಅದು 300. ಮೂರನೆಯ ಪೊಸಿಷನ್ನಿನಲ್ಲಿ ನಿಮ್ಮ ಗಾಂಧಾರ ಇದೇ ರೀಡ್. ಕೀಬೋರ್ಡ್ ಜೊತೆ ನುಡಿಸುವಾಗ ಗಾಂಧಾರ ಬಾಡಿದಂತೆ ಕೇಳಿದರೆ ತಪ್ಪು ನಿಮ್ಮದಲ್ಲ.

ಕೊನೆಗೆ, ಹಾಡುವವರ ಶ್ರುತಿ. ಗಾಯಕಿ ಎ ಮೈನರ್‌ನಲ್ಲಿ ಹಾಡುತ್ತಾರೆ ಎನ್ನಿ. ಮೂರನೆಯ ಪೊಸಿಷನ್ನಿಗೆ ಜಿ ವಾದ್ಯ ಬೇಕು, ನಾಲ್ಕನೆಯದಕ್ಕೆ ಸಿ, ಐದನೆಯದಕ್ಕೆ ಎಫ್. ಸಿ ಒಂದೇ ಇರುವವರು ಶ್ರುತಿಯನ್ನು ಡಿ ಮೈನರ್‌ಗೆ ಬದಲಿಸಲು ಗಾಯಕಿಯನ್ನು ಮೊದಲೇ ಕೇಳಿಕೊಳ್ಳಬೇಕಾದೀತು, ಅಭ್ಯಾಸದ ಕೊನೆಯ ದಿನವಲ್ಲ. ಜಿ ವಾದ್ಯದ ಶ್ರುತಿ ತಗ್ಗಿನದು; ಅದರ 4ರ ಎಳೆತದ ಎ 440 ಹರ್ಟ್ಸ್. ಸಿ ವಾದ್ಯದ 6ರ ಎಳೆತದ ಎ 880. ಧಾಟಿ ಅದೇ, ಆದರೆ ಒಂದು ಪೂರ್ತಿ ಸ್ಥಾಯಿ ಮೇಲೆ. ಗಾಯಕಿಯ ದನಿಯ ಪಕ್ಕದಲ್ಲೇ ನಡೆಯಬೇಕೋ, ಅದರ ಮೇಲೆ ಹಾರಬೇಕೋ ಎಂಬುದನ್ನೂ ವಾದ್ಯ ಕೈಗೆತ್ತಿಕೊಳ್ಳುವ ಮೊದಲೇ ಇಬ್ಬರೂ ಕೂತು ತೀರ್ಮಾನಿಸಿಕೊಳ್ಳಿ.