ಹಿತ್ತಿಲ ಬೆಕ್ಕಿಗೂ ಸಂತಾನಹರಣ ಚಿಕಿತ್ಸೆ

ನಿಮ್ಮ ಹಿತ್ತಿಲಿಗೆ ಬಂದು ಹಾಲನ್ನ ತಿಂದು ಹೋಗುವ ಹೆಣ್ಣು ಬೆಕ್ಕು 5-6 ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಸುಮಾರು 63 ದಿನ. ಮರಿಗಳು ಮೊಲೆ ಬಿಡುವ ಮುನ್ನವೇ ಮತ್ತೆ ಬಸಿರು! ಮೈಯಲ್ಲಿ ಕಸುವು ಉಳಿಯುವುದಾದರೂ ಹೇಗೆ?

ಇದಕ್ಕಿಂತ ಭಯಂಕರವಾದದ್ದು ಗರ್ಭಕೋಶದಲ್ಲಿ ಕೀವು ತುಂಬುವ ‘ಪಯೋಮೆಟ್ರಾ’. ಬೆದೆ ಕಳೆದ ಕೆಲವು ವಾರಗಳಲ್ಲಿ ಇದು ತಲೆದೋರುತ್ತದೆ. ಸಾಕುಬೆಕ್ಕು ಊಟ ಬಿಟ್ಟರೆ ನಿಮಗೆ ತಿಳಿದೀತು. ಬೀದಿಯದು ಯಾವುದೋ ಮೂಲೆ ಸೇರಿ ಸಾಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆದರೆ ಈ ಭಯವಿಲ್ಲ. 6 ತಿಂಗಳೊಳಗೆ ಮಾಡಿಸಿದರೆ ಸ್ತನ ಕ್ಯಾನ್ಸರಿನ ಸಾಧ್ಯತೆಯೂ ಬಹಳಷ್ಟು ತಗ್ಗುತ್ತದೆ.

‘ಒಂದು ಸಲವಾದರೂ ಮರಿ ಹಾಕಲಿ’ ಎನ್ನುವವರುಂಟು. ಅದರಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಬೆದೆ ತಡೆಯುವ ಹಾರ್ಮೋನು ಮಾತ್ರೆಯಂತೂ ಬೇಡ; ಇವೆರಡೂ ರೋಗಗಳಿಗೆ ಅದೇ ದಾರಿಯಾದೀತು. ಈಗ ಹಾಲೂಡುತ್ತಿದ್ದರೆ, ಮರಿಗಳು ಮೊಲೆ ಬಿಟ್ಟ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.